ವ್ಯಾನಿನ ಪಾಲಿಸಿ ಮೊದಲು ತೆಗೆದು ಓದಿ

ಪ್ರಶ್ನೆ: ಧಾರವಾಡದ ಹತ್ತಿರ ಹಳ್ಳಿಯೊಂದರಲ್ಲಿ ನಾವು ಸಣ್ಣ ಟ್ರಸ್ಟ್ ನಡೆಸುತ್ತೇವೆ. ಮಕ್ಕಳಿಗೆ ಸಂಜೆ ಪಾಠ, ತಿಂಗಳಿಗೊಮ್ಮೆ ಆರೋಗ್ಯ ಶಿಬಿರ. ಸಂಬಳದವರು 6 ಜನ, ಸ್ವಯಂಸೇವಕರು 15. ಕಟ್ಟಡ ಬಾಡಿಗೆಯದು. ಟ್ರಸ್ಟಿನ ಹೆಸರಲ್ಲಿ ಬಿಳಿ ಬೋರ್ಡಿನ ಹಳೇ ವ್ಯಾನ್ ಇದೆ. ಅದರಲ್ಲಿ ಮಕ್ಕಳನ್ನು ಕರೆತರುತ್ತೇವೆ, ಪೆಟ್ರೋಲಿಗೆಂದು ಪೋಷಕರಿಂದ ತಿಂಗಳಿಗೆ 100 ರೂಪಾಯಿ ಪಡೆಯುತ್ತೇವೆ. ಏಜೆಂಟರೊಬ್ಬರು 70,000 ರೂಪಾಯಿಯ ಪ್ಯಾಕೇಜ್ ಹೇಳಿದ್ದಾರೆ. ನಮ್ಮ ಕೈಲಿರುವುದು ಅದರ ಅರ್ಧ. ಯಾವುದು ಬೇಕು, ಯಾವುದು ಬಿಡಬಹುದು?
– ಟ್ರಸ್ಟಿನ ಕಾರ್ಯದರ್ಶಿ, ಧಾರವಾಡ ಜಿಲ್ಲೆ

ಉತ್ತರ: ಮೇಡಂ, ಪ್ಯಾಕೇಜ್ ಪಟ್ಟಿ ಸದ್ಯ ಪಕ್ಕಕ್ಕಿಡಿ. ನಿಮ್ಮ ಪತ್ರದಲ್ಲಿ ನನಗೆ ಗಾಬರಿಯಾಗಿದ್ದು ಒಂದೇ ವಿಷಯಕ್ಕೆ, ಆ ವ್ಯಾನ್. ಇವತ್ತೇ ಅದರ ಪಾಲಿಸಿ ತೆಗೆದು ನೋಡಿ. 'ಥರ್ಡ್ ಪಾರ್ಟಿ' ಮಾತ್ರ ಇದೆಯಾ? ಇದ್ದರೆ ರಸ್ತೆಯಲ್ಲಿ ಹೋಗುವವರಿಗೆ ಪೆಟ್ಟಾದಾಗ ವಿಮಾ ಕಂಪನಿ ಕೊಡುತ್ತದೆ, ಆದರೆ ಖಾಸಗಿ ವಾಹನದ ಒಳಗೆ ಕೂತಿರುವ ಮಕ್ಕಳಿಗೆ ಆ ಪಾಲಿಸಿಯಲ್ಲಿ ರಕ್ಷಣೆ ಇರುವುದಿಲ್ಲ. ಎಷ್ಟೋ ಸಂಸ್ಥೆಗಳಿಗೆ ಇದು ಗೊತ್ತೇ ಇಲ್ಲ. ಇನ್ಶೂರೆನ್ಸ್ ಇದೆ, ಪೊಲೀಸರು ಹಿಡಿದರೆ ತೋರಿಸಬಹುದು ಅಂತ ನೆಮ್ಮದಿಯಾಗಿರುತ್ತಾರೆ.

ಇನ್ನು ಆ 100 ರೂಪಾಯಿ. ನಿಮಗೆ ಅದು ಪೆಟ್ರೋಲ್ ಖರ್ಚು, ಆದರೆ ಕ್ಲೇಮ್ ಬಂದ ದಿನ ಕಂಪನಿಯವರು ಅದನ್ನು ಬಾಡಿಗೆ ಅಂತಲೇ ಓದುತ್ತಾರೆ, ಯಾಕೆಂದರೆ ಬಿಳಿ ಬೋರ್ಡಿನ ಖಾಸಗಿ ಪಾಲಿಸಿಯಲ್ಲಿ ಬಾಡಿಗೆಗೆ ಜನರನ್ನು ಸಾಗಿಸುವಂತಿಲ್ಲ ಎಂದು ಬರೆದೇ ಇರುತ್ತದೆ. ಸೀಟಿನ ಲೆಕ್ಕವೂ ಅಷ್ಟೇ ಮುಖ್ಯ. ಜಾಸ್ತಿ ಜನ ತುಂಬಿದ್ದರೆ ವಿಮಾ ಕಂಪನಿಯ ಹೊಣೆ ಪರವಾನಗಿ ಇದ್ದಷ್ಟು ಸೀಟಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಉಳಿದದ್ದು ಮಾಲೀಕರ ತಲೆಗೆ, ಅಂದರೆ ನಿಮ್ಮ ಟ್ರಸ್ಟಿನ ತಲೆಗೆ. ಹಾಗಾಗಿ ದುಡ್ಡು ಪಡೆಯುವುದನ್ನು ಈಗಲೇ ನಿಲ್ಲಿಸಿ. ಅದಾಗದಿದ್ದರೆ ಆರ್‌ಟಿಓದಲ್ಲಿ ಕೇಳಿ ಸರಿಯಾದ ಪರ್ಮಿಟ್, ಸರಿಯಾದ ಪಾಲಿಸಿ ಮಾಡಿಸಿ. ದುಡ್ಡು ಪಡೆಯದಿದ್ದರೂ 'ಕಾಂಪ್ರಹೆನ್ಸಿವ್' ಪಾಲಿಸಿಯೇ ಬೇಕು, ಅಂದರೆ ಥರ್ಡ್ ಪಾರ್ಟಿ ಜೊತೆಗೆ ವಾಹನದ ಹಾನಿ, ಒಳಗೆ ಕೂತವರು ಎಲ್ಲವೂ ಸೇರುವಂಥದ್ದು. ವ್ಯಾನ್ ಹಳೇದು, ಅದಕ್ಕೇನು ಬೆಲೆ ಅಂತ ಯೋಚಿಸಬೇಡಿ, ಇದು ವ್ಯಾನಿಗಲ್ಲ, ಒಳಗಿರುವ ಮಕ್ಕಳಿಗೆ.

ವಾಹನ ಟ್ರಸ್ಟಿನ ಹೆಸರಲ್ಲಿದೆ ಅಂದಿರಿ. ಮಾಲೀಕ ತಾನೇ ಓಡಿಸುವಾಗ ಸಿಗುವ 15 ಲಕ್ಷದ ಅಪಘಾತ ವಿಮೆ ಸಂಸ್ಥೆಯ ಹೆಸರಿನ ವಾಹನಕ್ಕೆ ಬರುವುದಿಲ್ಲ. ನಿಮ್ಮ ಡ್ರೈವರ್‌ಗೆ ಬೇರೆಯಾಗಿ 'ಪೇಯ್ಡ್ ಡ್ರೈವರ್' ರಕ್ಷಣೆ ಸೇರಿಸಬೇಕು. ಅದಕ್ಕೆ ಹೆಚ್ಚೇನೂ ಖರ್ಚಾಗುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ.

ಎರಡನೆಯದು ಜನ. ಸಂಬಳದ 6 ಜನರಿಗೆ, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ನೌಕರರ ಪರಿಹಾರ ಪಾಲಿಸಿ ತೆಗೆದುಕೊಳ್ಳಿ. ಹಳಬರು 'ವರ್ಕ್‌ಮೆನ್ಸ್ ಕಾಂಪೆನ್ಸೇಷನ್' ಅನ್ನುತ್ತಾರಲ್ಲ, ಅದೇ. ಮುಂದೆ ಸಿಬ್ಬಂದಿ 10 ಆದರೆ ಇಎಸ್‌ಐ (ನೌಕರರ ಸರ್ಕಾರಿ ವಿಮಾ ಯೋಜನೆ) ನಿಮಗೆ ಅನ್ವಯಿಸುತ್ತದಾ ಅಂತ ಆಗಲೇ ಕೇಳಿ. ಆದರೆ ಸ್ವಯಂಸೇವಕರು ನೌಕರರಲ್ಲ, ಈ ಪಾಲಿಸಿ ಅವರನ್ನು ಮುಟ್ಟುವುದಿಲ್ಲ. ಶಿಬಿರದ ದಿನ ಶಾಮಿಯಾನ ಕಟ್ಟುತ್ತಾ ಏಣಿಯಿಂದ ಬೀಳುವ ಹುಡುಗ ಸಾಮಾನ್ಯವಾಗಿ ಸ್ವಯಂಸೇವಕನೇ, ಅಲ್ವಾ? ಮಕ್ಕಳನ್ನೂ ಅವರನ್ನೂ ಸೇರಿಸಿ ಒಂದು 'ಗ್ರೂಪ್ ಪರ್ಸನಲ್ ಆಕ್ಸಿಡೆಂಟ್' ಪಾಲಿಸಿ ಕೇಳಿ. ಆಸ್ಪತ್ರೆ ಖರ್ಚು ಸೇರಿದೆಯಾ ಎಂದು ಬರವಣಿಗೆಯಲ್ಲೇ ಪಡೆಯಿರಿ, ಎಷ್ಟೋ ಸಲ ಸಾವು ಮತ್ತು ಅಂಗವೈಕಲ್ಯ ಮಾತ್ರ ಇರುತ್ತದೆ.

ಇದರ ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ. 21 ಜನಕ್ಕೆ 420 ರೂಪಾಯಿ! ಅವರವರ ಬ್ಯಾಂಕಿನಲ್ಲಿ ಅರ್ಜಿ ತುಂಬಿಸಿ, ದುಡ್ಡು ನೀವು ಕೊಟ್ಟುಬಿಡಿ. ವರ್ಷ ಜೂನ್ 1ರಿಂದ ಶುರು, ಆ ಹೊತ್ತಿಗೆ ಖಾತೆಯಲ್ಲಿ ಹಣ ಇರಬೇಕು. ಆಸ್ಪತ್ರೆ ಖರ್ಚು ಇದರಲ್ಲಿ ಇಲ್ಲ, ಅದಕ್ಕೇ ಮೊದಲು ಹೇಳಿದ ಗ್ರೂಪ್ ಪಾಲಿಸಿ ಬೇಕು.

ಆರೋಗ್ಯ ಶಿಬಿರಕ್ಕೆ ಬರುವ ಡಾಕ್ಟರರನ್ನು ಸಂಕೋಚವಿಲ್ಲದೆ ಕೇಳಿ: 'ಸರ್, ನಿಮಗೆ ಇಂಡೆಮ್ನಿಟಿ ಇದೆಯಾ?' ಚಿಕಿತ್ಸೆಯಲ್ಲಿ ತಪ್ಪಾದರೆ ಡಾಕ್ಟರರ ಪರವಾಗಿ ಪರಿಹಾರ ಕೊಡುವ ವಿಮೆ ಅದು. ಅವರ ಪಾಲಿಸಿಯ ಒಂದು ಪ್ರತಿ ಫೈಲಿನಲ್ಲಿರಲಿ. ಬಿಪಿ ನೋಡುವುದು, ಹೆಸರು ಬರೆಯುವುದು ಸ್ವಯಂಸೇವಕರು ಮಾಡಲಿ. ಮಾತ್ರೆ ಕೊಡುವ ಕೆಲಸ ಮಾತ್ರ ಬೇಡ. ಬಂದವರು ಜಾರಿ ಬಿದ್ದರೆ, ಶಾಮಿಯಾನ ಕುಸಿದರೆ ಎಂಬುದಕ್ಕೆ 'ಪಬ್ಲಿಕ್ ಲಯಬಿಲಿಟಿ' ಇದೆ. ಚಿಕಿತ್ಸೆಯಲ್ಲಾದ ತಪ್ಪನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ದುಡ್ಡು ಉಳಿದರೆ ಖಂಡಿತ ಮಾಡಿಸಿ.

ಆಮೇಲೆ ಸಾಮಾನು. ಕಟ್ಟಡ ನಿಮ್ಮದಲ್ಲ, ಅದರ ವಿಮೆ ಮಾಲೀಕರ ಕೆಲಸ, ನೀವು ಕಟ್ಟಬೇಡಿ. ಕಂಪ್ಯೂಟರ್, ಬೆಂಚು, ಪುಸ್ತಕಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಸಿಗುತ್ತದಾ ಅಂತ ಕೇಳಿ. ಒಂದೇ ಜಾಗದಲ್ಲಿ 5 ಕೋಟಿಯವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ಬಂದಿರುವ ಪಾಲಿಸಿ ಅದು, ಬೆಂಕಿ ಜೊತೆಗೆ ನೆರೆ, ಬಿರುಗಾಳಿಯೂ ಸೇರಿದೆ. ಬೀಗ ಒಡೆದು ಮಾಡಿದ ಕಳ್ಳತನಕ್ಕೆ ಬೇರೆ ಪಾಲಿಸಿ.

ಬೆಲೆ ಮಾತ್ರ ಕಡಿಮೆ ತೋರಿಸಬೇಡಿ. 2019ರ ಆಗಸ್ಟ್ ನೆರೆಯಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದ ಒಂದು ಗ್ರಂಥಾಲಯಕ್ಕೆ ನೀರು ನುಗ್ಗಿತು. 6 ಲಕ್ಷದ ಸಾಮಾನಿಗೆ 3 ಲಕ್ಷ ಎಂದು ಬರೆಸಿದ್ದೆವು, ಪ್ರೀಮಿಯಂ ಉಳಿಯಲಿ ಅಂತ. ಹಾಳಾಗಿದ್ದು 2 ಲಕ್ಷದ್ದು, ಬಂದಿದ್ದು ಅದರ ಅರ್ಧ, ಯಾಕೆಂದರೆ ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವನ್ನೇ ಕೊಡುತ್ತಾರೆ. ಒದ್ದೆ ಪುಸ್ತಕಗಳನ್ನು ಅಂಗಳದಲ್ಲಿ ಹರಡಿಕೊಂಡು ಕೂತ ಆ ವಾರ ನನಗೆ ಇನ್ನೂ ಮರೆತಿಲ್ಲ. ಈಗಿನ ಸೂಕ್ಷ್ಮ ಪಾಲಿಸಿಯಲ್ಲಿ 15% ತನಕ ವ್ಯತ್ಯಾಸ ಇದ್ದರೆ ಮಾಫಿ ಇದೆ, ಅರ್ಧಕ್ಕರ್ಧ ಇದ್ದರೆ ಇಲ್ಲ.

ಟ್ರಸ್ಟಿಗಳ ಹೊಣೆಗಾರಿಕೆ ಪಾಲಿಸಿ, ನಗದು ಪಾಲಿಸಿ, ಸಿಬ್ಬಂದಿ ಹಣ ನುಂಗಿದರೆ ಎಂಬ ಪಾಲಿಸಿ – ಏಜೆಂಟರ ಪಟ್ಟಿಯಲ್ಲಿ ಇವಿದ್ದರೆ ಈ ವರ್ಷ ಬಿಡಿ. ಚೆಕ್ಕಿಗೆ ಇಬ್ಬರ ಸಹಿ, ಪೆಟ್ಟಿಗೆಯಲ್ಲಿ ಕಡಿಮೆ ನಗದು, ಸದ್ಯಕ್ಕೆ ಅಷ್ಟು ಸಾಕು.

ಸರ್ಕಾರಿ ಕಂಪನಿಯೊಂದರ ಶಾಖೆಯಲ್ಲೂ ಇದೇ ಪಟ್ಟಿ ಕೊಟ್ಟು ದರ ಕೇಳಿ, ಜಿಎಸ್‌ಟಿ ಸೇರಿಸಿ ಎಷ್ಟು ಅಂತ. ಅರ್ಜಿಯಲ್ಲಿ ಮಕ್ಕಳು, ಶಿಬಿರ, ಸ್ವಯಂಸೇವಕರು ಎಲ್ಲವನ್ನೂ ಇದ್ದ ಹಾಗೇ ಬರೆಯಿರಿ, ಮುಚ್ಚಿಟ್ಟಿದ್ದು ಕ್ಲೇಮಿನ ದಿನ ಹೊರಗೆ ಬರುತ್ತದೆ. ಏಜೆಂಟರು 'ಮಾಡಿಸ್ತೀನಿ ಬಿಡಿ' ಅಂದ ಮಾತ್ರಕ್ಕೆ ರಕ್ಷಣೆ ಶುರುವಾಗುವುದಿಲ್ಲ, ಪ್ರೀಮಿಯಂ ಕಂಪನಿಗೆ ಸೇರಿರಬೇಕು. ತಕರಾರು ಬಂದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ವ್ಯಾನಿನ ಪಾಲಿಸಿ ಕೈಗೆ ಬರುವ ತನಕ ಮಕ್ಕಳು ಪೋಷಕರ ಜೊತೆಯಲ್ಲೇ ಬರಲಿ, ನಾಲ್ಕು ದಿನ ತೊಂದರೆಯಾದರೂ ಪರವಾಗಿಲ್ಲ.