ಹದಿಮೂರನೆಯ ದಿನದ ಆಮೇಲೆ

ಕುಮಟಾ ತಾಲ್ಲೂಕಿನ ಓದುಗರೊಬ್ಬರು, ಹೆಸರು ಬೇಡವೆಂದು ಕೋರಿ, ಬರೆದಿದ್ದಾರೆ: ಬೋಟಿನಲ್ಲಿ ದುಡಿಯುತ್ತಿದ್ದ ತಮ್ಮ ಕಳೆದ ಮಳೆಗಾಲದಲ್ಲಿ ಜ್ವರದಿಂದ ತೀರಿಕೊಂಡ. ಅಂದಿನಿಂದ ರಾತ್ರಿ ಎರಡು ಪೆಗ್ ಇಲ್ಲದೆ ನಿದ್ದೆಯಿಲ್ಲ. "ಮನೆಗೆ ಬಂದು ಕೂರುವವರು ನೂರು ಪ್ರಶ್ನೆ ಕೇಳುತ್ತಾರೆ, ಬಾಟಲಿ ಕೇಳುವುದಿಲ್ಲ. ಇದರಲ್ಲಿ ತಪ್ಪೇನು?"

ಸಂಪಾದಕರ ಉತ್ತರ:

ನಿಮ್ಮ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಸೂತಕದ ಮನೆಯಲ್ಲಿ ಕುಳಿತು 'ಮೊದಲೇ ಆಸ್ಪತ್ರೆಗೆ ಒಯ್ಯಬೇಕಿತ್ತು' ಎನ್ನುವವರು ನಮ್ಮಲ್ಲಿ ಕೇರಿಗೊಬ್ಬರಿದ್ದಾರೆ. ಆದರೆ ಇಷ್ಟು ಚೆಂದದ ವಾಕ್ಯ ಬರೆಯಬಲ್ಲವರು ಬಾಟಲಿಯನ್ನು ಸಂಗಾತಿಯೆಂದು ನಂಬಿದ್ದು ನನಗೆ ಸೋಜಿಗ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ನಿಜ. ಅದು ಇಳಿಯುತ್ತಿದ್ದಂತೆ ನಡುರಾತ್ರಿ ಎಚ್ಚರವಾಗುತ್ತದೆ, ಉಳಿದ ನಿದ್ದೆ ಕೆಡುತ್ತದೆ, ಕೆಲವೇ ದಿನಗಳಲ್ಲಿ ಅಷ್ಟೇ ಮಂಪರಿಗೆ ಇನ್ನೊಂದು ಪೆಗ್ ಬೇಕಾಗುತ್ತದೆ. ಆ ಹೊತ್ತಿನಲ್ಲಿ ತಮ್ಮನ ನೆನಪು ಹಗುರವಾಗಿರುತ್ತದೆಯೇ, ನೀವೇ ಹೇಳಿ.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾವು 2017ರ ಪದ್ಮಶ್ರೀ ಪಡೆದ, ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಡುಗಾರ್ತಿಯೆಂದಷ್ಟೇ ನೆನೆಯುತ್ತೇವೆ. ಕುಡಿತಕ್ಕೆ ಮಗನನ್ನು ಕಳೆದುಕೊಂಡ ಆ ತಾಯಿ ಬಾಗಿಲು ಹಾಕಿಕೊಂಡು ಕೂರದೆ, ಊರವರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತರು. (ಸಾರಾಯಿಯನ್ನು ಸರ್ಕಾರ 2007ರಲ್ಲಿ ನಿಷೇಧಿಸಿತು, ನಿಮ್ಮ ಪೆಗ್ಗಿಗೆ ಅದರಿಂದ ಯಾವ ಅಡ್ಡಿಯೂ ಆಗಲಿಲ್ಲ.)

ಶಿರಸಿಯ ಕಡೆ ನಾನೇ ಕಂಡದ್ದನ್ನು ಹೇಳುತ್ತೇನೆ. ಮಗಳನ್ನು ಕಳೆದುಕೊಂಡ ಯಜಮಾನರೊಬ್ಬರಿಗೆ ಆ ಊರಿನಲ್ಲಿ ಯಾರೂ ಸಮಾಧಾನ ಹೇಳಲಿಲ್ಲ. ಕೊಯ್ಲಿನ ಕಾಲ, ರಾತ್ರಿ ಊಟ ಮುಗಿಸಿದ ಅಕ್ಕಪಕ್ಕದವರು ಅವರದೇ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯಲು ಕುಳಿತರು. ದರದ ಮಾತು, ಯಕ್ಷಗಾನದ ಆಟದ ಮಾತು, ಕಪ್ಪಾದ ಬೆರಳುಗಳು. ಎಷ್ಟೋ ಹೊತ್ತಿನ ಮೇಲೆ ಯಜಮಾನರು ತಾವಾಗಿಯೇ 'ಈ ಸಪ್ಪಳ ಕೇಳಿದರೆ ಅವಳಿಗೆ ನಿದ್ದೆ ಬರುತ್ತಿತ್ತು' ಎಂದರು. ಯಾರ ಕೈಯೂ ನಿಲ್ಲಲಿಲ್ಲ. 'ಹೌದು, ಆ ಕಂಬಕ್ಕೇ ಒರಗುತ್ತಿದ್ದಳು' ಎಂದರೊಬ್ಬರು.

ಈಗ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದನ್ನು ಹಳಿಯಲಾರೆ, ಆದರೆ ರಾತ್ರಿಯ ಆ ಜಗಲಿ ಅದರೊಡನೆಯೇ ಹೋಯಿತು. ಹದಿಮೂರರ ಊಟದ ಎಲೆ ಎತ್ತಿದ ಮೇಲೆ ಸಾವಿನ ಮನೆಯತ್ತ ಯಾರೂ ಸುಳಿಯುವುದಿಲ್ಲ. ವಾಟ್ಸ್ಯಾಪಿನಲ್ಲಿ 'ಓಂ ಶಾಂತಿ' ಹಾಕಿದವರು ಋಣ ತೀರಿತೆಂದುಕೊಳ್ಳುತ್ತಾರೆ. ಅಂಥವರಿಗೆ ನಿಮ್ಮ ಕುಡಿತದ ಬಗ್ಗೆ ಉಪದೇಶಿಸುವ ಹಕ್ಕಿಲ್ಲವೆಂದೇ ನನ್ನ ಮತ.

ಒಂದು ಎಚ್ಚರಿಕೆ ಮಾತ್ರ: ತಿಂಗಳುಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಕೈ ನಡುಗುವುದು, ಕೆಲವರಿಗೆ ಫಿಟ್ಸ್ ಬರುವುದೂ ಉಂಟು, ವೈದ್ಯರನ್ನು ಕಂಡೇ ಕುಡಿತ ಬಿಡಿ. ನಿದ್ದೆಯಿಲ್ಲದ ರಾತ್ರಿ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳು ದಡ ಹತ್ತಿ, ಬಲೆ ರಿಪೇರಿಯ ಕೆಲಸ ಶುರುವಾಗುತ್ತದೆ. ತಮ್ಮನ ವರ್ಷಾಂತಿಕವೂ ಆ ಸುಮಾರಿಗೇ ಬರುತ್ತದೆ. ಅವನ ಜೊತೆಗಿದ್ದ ಹುಡುಗರಿಗೆ, ಬಲೆಯನ್ನು ನಮ್ಮ ಮನೆಯ ಚಾವಡಿಗೇ ತಂದು ಹಾಕಿ ಎಂದು ಈಗಲೇ ಹೇಳಿಡಿ.