ನಮ್ಮ ಕಾರು ಅಂದ್ರೆ ಯಾವ ಕಾರು? ಈ ಸಲದ ಪ್ರಶ್ನೋತ್ತರ

ಪ್ರಶ್ನೆ: ಸಾರ್, ನಮ್ಮನೇಲಿ ಮೊದಲನೇ ಕಾರ್ ತಗೋತಾ ಇದೀವಿ. ನನಗೆ ಬಿಡದಿಯಲ್ಲಿ ತಯಾರಾಗೋ ಜಪಾನ್ ಕಂಪನಿ ಗಾಡಿ ಇಷ್ಟ. ಅಪ್ಪ ಮಾತ್ರ ಟಾಟಾ ಇಲ್ಲ ಮಹೀಂದ್ರಾ, ಬೇರೆ ಯಾವುದೂ ಮನೆ ಮುಂದೆ ನಿಲ್ಲಬಾರದು ಅಂತಾರೆ. ದೇಶದ ದುಡ್ಡು ದೇಶದಲ್ಲೇ ಇರಬೇಕಂತೆ. ನಾನು ದೇಶಾಭಿಮಾನ ಇಲ್ಲದವನಾ?
- ಹಾಸನದ ಓದುಗ

ಉತ್ತರ: ಖಂಡಿತ ಅಲ್ಲ. ಆದ್ರೆ ಅಪ್ಪನ ಮಾತನ್ನ ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಮೊದಲು ಒಂದು ಕೆಲಸ ಮಾಡಿ, ಗೊತ್ತಿರೋರ ಯಾರದ್ದಾದ್ರೂ ಕಾರಿನ ಆರ್‌ಸಿ ತಗೊಂಡು ಇಬ್ಬರೂ ಕೂತು ನೋಡಿ. ಅದರಲ್ಲಿ ಚಾಸಿ ನಂಬರ್ ಅಂತ 17 ಅಕ್ಷರ-ಅಂಕಿ ಇರುತ್ತೆ, ಅದು ಎಂಎ, ಎಂಬಿ ಅಂತ ಶುರುವಾದ್ರೆ ಆ ಗಾಡಿ ನಮ್ಮ ದೇಶದ ಫ್ಯಾಕ್ಟರಿಯಿಂದ ಬಂದದ್ದು. ಟಾಟಾದು ಎಂಎಟಿ, ಮಾರುತಿದು ಎಂಎ3, ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ದು ಎಂಬಿಜೆ. ಅಂದ್ರೆ ನೀವು ಆಸೆಪಟ್ಟಿರೋ ಗಾಡಿ ವಿದೇಶದಿಂದ ಹಡಗಲ್ಲಿ ಬಂದಿದ್ದಲ್ಲ, ನಿಮ್ಮೂರಿಂದ ಬೆಂಗಳೂರಿಗೆ ಹೋಗೋದಕ್ಕಿಂತ ಕಡಿಮೆ ದೂರದಲ್ಲಿ ನಮ್ಮ ಹುಡುಗರು ಶಿಫ್ಟ್ ಮೇಲೆ ನಿಂತು ಜೋಡಿಸಿದ್ದು. ಆ ಸಂಬಳ ಇಲ್ಲೇ ಉಳಿಯುತ್ತೆ, ಜಿಎಸ್‌ಟಿ ಇಲ್ಲೇ ಉಳಿಯುತ್ತೆ, ಬಿಡಿಭಾಗ ಮಾಡೋ ಸಣ್ಣ ಶೆಡ್‌ಗಳ ದುಡ್ಡೂ ಬಹುಪಾಲು ಇಲ್ಲೇ. ಆಚೆ ಹೋಗೋದು ಲಾಭದ ದೊಡ್ಡ ಪಾಲು, ಜೊತೆಗೆ ಅವರ ತಂತ್ರಜ್ಞಾನ ಬಳಸಿದ್ದಕ್ಕೆ ಕೊಡೋ ರಾಯಲ್ಟಿ.

ಇಷ್ಟೇ ಆಗಿದ್ರೆ ಅಪ್ಪನಿಗೆ ಸುಮ್ನಿರಿ ಅಂತ ಹೇಳಿಬಿಡ್ತಿದ್ದೆ. ನನಗೆ ದುಡ್ಡಿಗಿಂತ ಮುಖ್ಯ ಅನಿಸೋದು ಇನ್ನೊಂದಿದೆ. ಕಾರು ಜೋಡಿಸೋದು ಬೇರೆ, ಖಾಲಿ ಹಾಳೆ ಮೇಲೆ ಮೊದಲ ಗೆರೆ ಎಳೆದು ಕಾರು ಹುಟ್ಟಿಸೋದು ಬೇರೆ. 1998ರಲ್ಲಿ ಟಾಟಾ ಇಂಡಿಕಾ ಬಂತಲ್ಲ, ಅದರ ಮೈಕಟ್ಟಿಗೆ ಇಟಲಿಯವರ ಸಹಾಯ ತಗೊಂಡಿದ್ರು ನಿಜ, ಆದ್ರೂ ಏನು ಬೇಕು ಅಂತ ತೀರ್ಮಾನ ಮಾಡಿದ್ದು ನಮ್ಮವರು. ಸೈಜು ಮಾರುತಿ ಝೆನ್‌ನಷ್ಟು, ಒಳಗೆ ಜಾಗ ಅಂಬಾಸಿಡರ್‌ನಷ್ಟು, ರೇಟು ಮಾರುತಿ 800ರ ಹತ್ತಿರ, ಜೊತೆಗೆ ಡೀಸೆಲ್ ಖರ್ಚು. ನಮ್ಮ ಮನೆಗಳಲ್ಲಿ ಆರು ಜನ ಹತ್ತಿಕೊಂಡು ಧರ್ಮಸ್ಥಳಕ್ಕೆ ಹೋಗ್ತಾರೆ ಅಂತ ಗೊತ್ತಿದ್ದೋರು ಮಾತ್ರ ಹಿಂಗೆ ಯೋಚನೆ ಮಾಡೋಕೆ ಆಗೋದು.

ಮೊದಲ ಇಂಡಿಕಾಗಳಲ್ಲಿ ತೊಂದರೆ ಬೇಕಾದಷ್ಟಿತ್ತು. ತಗೊಂಡೋರು ಬೈದ್ರು, ಶೋರೂಮ್‌ಗೆ ಹೋಗಿ ಜಗಳ ಆಡಿದ್ರು. ಕಂಪನಿ ಕೂತು ಸರಿ ಮಾಡಿ 2001ರಲ್ಲಿ ವಿ2 ತಂತು, ಆಮೇಲೆ ಟ್ಯಾಕ್ಸಿಯವರ ಮನೆದೇವರಂಗೆ ಆಗೋಯ್ತು ಆ ಗಾಡಿ. ಅದೇ ಕಂಪನಿಯ ನೆಕ್ಸಾನ್‌ಗೆ 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಲ್ಲಿ 5 ಸ್ಟಾರ್ ಬಂತು, ಭಾರತದ ಕಾರಿಗೆ ಅದೇ ಮೊದಲು. ನಾನು ಆ ಸುದ್ದಿ ಓದಿದ ದಿನ ನಿಜವಾಗ್ಲೂ ಕಣ್ಣು ಒದ್ದೆ ಆಯ್ತು. ಇಪ್ಪತ್ತು ವರ್ಷದ ಹಿಂದೆ ಬೈಕೊಂಡು ಬೈಕೊಂಡೇ ಆ ಕಾರು ಓಡಿಸಿದ ಸಾವಿರಾರು ಮನೆಗಳ ಪಾಲೂ ಅದರಲ್ಲಿದೆ ಅಂತ ನನ್ನ ನಂಬಿಕೆ.

ಇದರ ಉಲ್ಟಾ ಕಥೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಐವತ್ತರ ದಶಕದಲ್ಲಿ ಶುರುವಾಗಿ 2014ರ ತನಕ ಹೆಚ್ಚುಕಮ್ಮಿ ಅದೇ ರೂಪದಲ್ಲಿ ಬಂತು. ನನಗೂ ಅದರ ಸೋಫಾದಂಥ ಹಿಂದಿನ ಸೀಟು ಅಂದ್ರೆ ಪ್ರಾಣ, ಆದ್ರೆ ಬೇರೆ ದಾರಿ ಇಲ್ಲದೆ ಜನ ವರ್ಷಗಟ್ಟಲೆ ಕಾದು ತಗೋತಿದ್ದಾಗ ಸುಧಾರಿಸಬೇಕು ಅಂತ ಯಾರಿಗೂ ಅನಿಸಲಿಲ್ಲ. ಹಾಗಾಗಿ ಅಪ್ಪನಿಗೆ ಹೇಳಿ, ದೇಶಿ ಗಾಡಿ ತಗೊಳ್ಳೋಣ, ಆದ್ರೆ ಕಣ್ಣು ಮುಚ್ಚಿಕೊಂಡು ಬೇಡ. ಎರಡನ್ನೂ ಟೆಸ್ಟ್ ಡ್ರೈವ್‌ಗೆ ತಗೊಂಡು ಶಿರಾಡಿ ಘಾಟ್ ಕಡೆ ಹೋಗಿ ಬನ್ನಿ, ಅಪ್ಪನನ್ನ ಹಿಂದೆ ಕೂರಿಸಿ. ಕ್ರ್ಯಾಶ್ ಟೆಸ್ಟ್ ಸ್ಟಾರ್ ನೋಡಿ, ಹಾಸನದಲ್ಲೇ ಸರ್ವಿಸ್ ಹೆಂಗಿದೆ ಅಂತ ನಾಲ್ಕು ಜನ ಓನರ್‌ಗಳನ್ನ ಕೇಳಿ. ಎರಡೂ ಸಮ ಅನಿಸಿದ್ರೆ, ನನ್ನ ಓಟು ಅಪ್ಪನಿಗೇ.

ಪ್ರಶ್ನೆ: ಜಾಗ್ವಾರ್, ಲ್ಯಾಂಡ್ ರೋವರ್ ಈಗ ನಮ್ಮ ದೇಶದ್ದೇ ತಾನೇ?
- ಮೈಸೂರಿನ ಓದುಗರು

ಉತ್ತರ: ಮಾಲೀಕತ್ವ ನಮ್ಮದು. 2008ರಲ್ಲಿ ಫೋರ್ಡ್ ಕೈಯಿಂದ ಟಾಟಾ ಮೋಟಾರ್ಸ್ ತಗೊಂಡಿತು. ಗಾಡಿಯ ಬೇರು ಮಾತ್ರ ಇವತ್ತಿಗೂ ಬ್ರಿಟನ್ನಿನಲ್ಲೇ ಇದೆ, ವಿನ್ಯಾಸ ಅಲ್ಲೇ. ಹೆಮ್ಮೆ ಪಡಿ, ತಪ್ಪಿಲ್ಲ, ಆದ್ರೆ ಅದು ಬೇರೆ ಥರದ ಹೆಮ್ಮೆ.

ಪ್ರಶ್ನೆ: ಮೇಡಂ/ಸಾರ್, ನಾನು ಮೆಕ್ಯಾನಿಕಲ್ ಓದ್ತಿದೀನಿ. ಕರ್ನಾಟಕದ್ದೇ ಅಂತ ಒಂದು ಕಾರು ಯಾವತ್ತಾದ್ರೂ ಇತ್ತಾ? ಕ್ಲಾಸಲ್ಲಿ ಯಾರಿಗೂ ಗೊತ್ತಿಲ್ಲ.
- ಬೆಳಗಾವಿಯ ವಿದ್ಯಾರ್ಥಿನಿ

ಉತ್ತರ: ಇತ್ತಮ್ಮ, ಒಂದಲ್ಲ. ಎಪ್ಪತ್ತರ ದಶಕದಲ್ಲೇ ಬೆಂಗಳೂರಿನಲ್ಲಿ ಬಾದಲ್ ಅಂತ ಮೂರು ಚಕ್ರದ ಕಾರು ಮಾಡಿದ್ರು. ಆಮೇಲೆ 1982ರ ಹೊತ್ತಿಗೆ ಸಿಪಾನಿ ಕಂಪನಿಯ ಡಾಲ್ಫಿನ್ ಬಂತು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ ಮೇಲೆ, ಎರಡೇ ಬಾಗಿಲು, ಮೈಯೆಲ್ಲ ಫೈಬರ್ ಗ್ಲಾಸು. ನಾನು ಚಿಕ್ಕವನಿದ್ದಾಗ ನಮ್ಮ ರಸ್ತೇಲಿ ಒಂದಿತ್ತು, ಬಾನೆಟ್ ಮೇಲೆ ಬೆರಳಲ್ಲಿ ಕುಟ್ಟಿದ್ರೆ ತಗಡಿನ ಸದ್ದಲ್ಲ, ಪ್ಲಾಸ್ಟಿಕ್ ಬಕೆಟ್ ಕುಟ್ಟಿದಂಗೆ ಸದ್ದು ಬರೋದು, ನಾವು ಹುಡುಗರೆಲ್ಲ ಸರದಿ ಮೇಲೆ ಕುಟ್ಟಿ ನೋಡ್ತಿದ್ವಿ. ತುಕ್ಕು ಹಿಡಿಯದ ಕಾರು. ಆದ್ರೆ 1983ರ ಡಿಸೆಂಬರಲ್ಲಿ ಮಾರುತಿ 800 ಬಂತು ನೋಡಿ, ನಾಲ್ಕು ಬಾಗಿಲು, ಸರ್ಕಾರದ ಬೆಂಬಲ, ಸುಝುಕಿಯ ಎಂಜಿನ್, ಅದರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ.

ಇನ್ನೊಂದು ರೇವಾ. ಚೇತನ್ ಮೈನಿಯವರು ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಮಾಡಿದ ಎಲೆಕ್ಟ್ರಿಕ್ ಕಾರು, 2001ರಲ್ಲಿ ರಸ್ತೆಗೆ ಬಂತು. 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ ಸೀಟಿನ ಕೆಳಗೆ, ಮನೆಯ 15 ಆಂಪಿಯರ್ ಸಾಕೆಟ್ಟಿಗೆ ವೈರ್ ಹಾಕಿದ್ರೆ ಚಾರ್ಜು. ಆಗ ನಮ್ಮ ಜನ ಆಟದ ಸಾಮಾನು ಅಂದ್ರು. ಅದೇ ಕಾರು ಜಿ-ವಿಝ್ ಅಂತ ಹೆಸರಿಟ್ಟುಕೊಂಡು ಲಂಡನ್ನಿನಲ್ಲಿ ಸಾವಿರಕ್ಕಿಂತ ಜಾಸ್ತಿ ಓಡಿತು, ಅಲ್ಲಿ ಸಿಟಿ ಒಳಗೆ ಬರೋಕೆ ಹಾಕ್ತಿದ್ದ ಕಂಜೆಶನ್ ಚಾರ್ಜ್ ಇದಕ್ಕೆ ಇರಲಿಲ್ಲ. ಅಲ್ಲಿ ಅದನ್ನ ಕಾರು ಅಂತಲ್ಲ, ಕ್ವಾಡ್ರಿಸೈಕಲ್, ಅಂದ್ರೆ ಹಗುರವಾದ ನಾಲ್ಕು ಚಕ್ರದ ಗಾಡಿ ಅಂತ ಲೆಕ್ಕ ಹಾಕ್ತಿದ್ರು, 2007ರಲ್ಲಿ ಕ್ರ್ಯಾಶ್ ಟೆಸ್ಟ್ ಮಾಡಿದಾಗ ಸುರಕ್ಷತೆ ವಿಷಯದಲ್ಲಿ ಸೋತಿತು, ಅದನ್ನೂ ಹೇಳಲೇಬೇಕು. 2010ರಲ್ಲಿ ಮಹೀಂದ್ರಾ ಬಹುಪಾಲು ಷೇರು ತಗೊಂಡಿತು, 2013ರಲ್ಲಿ ಅದರಿಂದಲೇ ಇ2ಒ ಅನ್ನೋ ಎಲೆಕ್ಟ್ರಿಕ್ ಕಾರು ಬಂತು. ಇವತ್ತು ರಸ್ತೆ ತುಂಬ ಎಲೆಕ್ಟ್ರಿಕ್ ಗಾಡಿಗಳ ಹಸಿರು ನಂಬರ್ ಪ್ಲೇಟ್ ನೋಡಿದಾಗೆಲ್ಲ, ಇಷ್ಟು ಬೇಗ ಬೆಂಗಳೂರಿನವರು ಈ ಕೆಲಸಕ್ಕೆ ಕೈ ಹಾಕಿದ್ರಲ್ಲ, ನಾವು ಬೆನ್ನು ತಟ್ಟಲಿಲ್ವಲ್ಲ ಅಂತ ಹೊಟ್ಟೆ ಉರಿಯುತ್ತೆ ನನಗೆ. ನಿಮ್ಮೂರಲ್ಲೇ ಫೌಂಡ್ರಿಗಳಿವೆಯಲ್ಲ, ರಜೆಯಲ್ಲಿ ಒಂದಕ್ಕೆ ಹೋಗಿ, ಕಬ್ಬಿಣ ಕರಗಿಸಿ ವಾಹನದ ಭಾಗ ಎರಕ ಹೊಯ್ಯೋದನ್ನ ಹತ್ತಿರದಿಂದ ನೋಡಿ. ನೋಡಿ ಬಂದು ನನಗೆ ಬರೀರಿ, ಹಾಕ್ತೀನಿ.

ಪ್ರಶ್ನೆ: ದೇಶಿ ಅಂತ ಅಭಿಮಾನದಿಂದ ಗಾಡಿ ತಗೊಂಡೆ, ಮಳೆಗಾಲದಲ್ಲಿ ಡೋರ್ ಬೀಡಿಂಗ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಹತ್ರ ನೀರು ಸೋರುತ್ತೆ. ಕಂಪ್ಲೇಂಟ್ ಮಾಡಿದ್ರೆ ನಮ್ಮವರನ್ನೇ ಬೈದಂಗಲ್ವಾ?
- ತೀರ್ಥಹಳ್ಳಿಯ ಓದುಗರು

ಉತ್ತರ: ಮಾಡಿ, ದಯವಿಟ್ಟು ಮಾಡಿ. ನಮ್ಮನೇಲೂ ಹಿಂಗೇ ಆಗಿತ್ತು, ಕಂಪನಿ ಹೆಸರು ಬೇಡ, ಎರಡು ಮಳೆಗಾಲ ಗೋಣಿಚೀಲ ಹಾಸಿಕೊಂಡು ಸುಮ್ನಿದ್ದೆ, ಅದು ನಾನು ಮಾಡಿದ ತಪ್ಪು. ನೀರು ಬರೋ ಜಾಗದ ವಿಡಿಯೋ ಮಾಡಿ, ಬಾಯಿಮಾತಲ್ಲಿ ಹೇಳದೆ ಸರ್ವಿಸ್ ಸೆಂಟರ್‌ನವರ ಜಾಬ್ ಕಾರ್ಡಲ್ಲಿ ಬರೆಸಿ, ಮೇಲ್ ಕಳಿಸಿ. ಆಗುಂಬೆ ಸೀಮೆ ಮಳೆ ಹೆಂಗಿರುತ್ತೆ ಅಂತ ಡಿಸೈನ್ ಮಾಡೋರಿಗೆ ನೀವು ಹೇಳದೆ ಇನ್ಯಾರು ಹೇಳ್ತಾರೆ? ಸರಿ ಮಾಡಿಕೊಡದಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.