ಕಾಡಿಲ್ಲದ ಊರಲ್ಲಿ ಹೊರಗಿನ ಪಾಠ

ಪ್ರಶ್ನೆ: ಅಕ್ಕೋರೇ, ನಾನು ವಿಜಯಪುರ ಜಿಲ್ಲೆ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಾಲ್ಕನೇ ತರಗತಿ ಮಕ್ಕಳಿಗೆ ಹೊರಗೆ ಪಾಠ ಮಾಡುವ ಆಸೆ. ಆದರೆ ಇಲ್ಲಿ ಕಾಡಿಲ್ಲ, ಗುಡ್ಡ ಇಲ್ಲ. ಬಿಸಿಲು, ಕಪ್ಪು ಮಣ್ಣಿನ ಎರೆ ಹೊಲ ಅಷ್ಟೇ. "ಪಾಠ ಬಿಟ್ಟು ಸುಮ್ನೆ ಅಡ್ಡಾಡಸ್ತಾರ" ಅಂತ ಪಾಲಕರ ತಕರಾರು ಬೇರೆ. ಏನು ಮಾಡಲಿ?

ಉತ್ತರ: ತಂಗಿ, ಎರೆ ಹೊಲ ಇದೆಯಲ್ಲ, ಇನ್ನೇನು ಬೇಕು? ನಾನು ನೌಕರಿ ಮಾಡಿದ್ದೂ ಇದೇ ಜಿಲ್ಲೆಯಲ್ಲಿ. ಜೋಳದ ರಾಶಿ ಮುಗಿದ ಮೇಲೆ ಮಕ್ಕಳನ್ನು ಶಾಲೆ ಪಕ್ಕದ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಆಗ ನೆಲ ಬಿರುಕು ಬಿಟ್ಟಿರುತ್ತದೆ. ಒಬ್ಬೊಬ್ಬರ ಕೈಗೂ ಒಂದು ಒಣ ಕಣಿಕೆ (ಜೋಳದ ದಂಟು) ಕೊಡಿ. ಬಿರುಕಿನೊಳಗೆ ಮೆಲ್ಲಗೆ ಇಳಿಸಲಿ. ತಳ ಮುಟ್ಟಿದ ಕೂಡಲೇ ನೆಲದ ಮಟ್ಟಕ್ಕೆ ಉಗುರಿನಿಂದ ಗೀರಿ ಗುರುತು ಮಾಡಲಿ. ಹೊರಗೆ ತೆಗೆದು ಸ್ಕೇಲ್ ಹಿಡಿದು ಅಳೆಯಲಿ. ಕೆಲವು ಕಡೆ ಕಣಿಕೆ ಮೊಣಕೈ ಉದ್ದದಷ್ಟು ಒಳಗೆ ಹೋಗುತ್ತದೆ! ಸೆಂಟಿಮೀಟರ್ ಲೆಕ್ಕ ಅಲ್ಲೇ ಆಯಿತಲ್ವಾ? ಆದರೆ ಯಾರೂ ಬಿರುಕಿಗೆ ಕೈ ಹಾಕಬಾರದು, ಚೇಳು ಇರುತ್ತವೆ. ಕೂಳೆ ಚುಚ್ಚುತ್ತದೆ, ಕಾಲಲ್ಲಿ ಚಪ್ಪಲಿ ಇರಲೇಬೇಕು.

ವಾಪಸ್ ಬರುವಾಗ ಒಂದಿಷ್ಟು ಎರೆ ಮಣ್ಣು ತನ್ನಿ. ಮಸಾರಿ ಮಣ್ಣನ್ನೂ, ಅಂದರೆ ಕೆಂಪು ಮಣ್ಣನ್ನೂ, ಎಲ್ಲಿಂದಲಾದರೂ ತರಿಸಿ. ಎರಡನ್ನೂ ನೀರು ಹಾಕಿ ಕಲಸಿ, ಬೇರೆ ಬೇರೆ ಬಟ್ಟಲಿಗೆ ಒತ್ತಿ ತುಂಬಿ, ಬಿಸಿಲಿಗಿಡಿ. ಒಣಗಿದ ಮೇಲೆ ಎರೆ ಮಣ್ಣು ಬಟ್ಟಲಿನ ಅಂಚು ಬಿಟ್ಟು ಒಳಗೆ ಸರಿದು ಬಿರಿಯುತ್ತದೆ. ಮಸಾರಿ ಅಷ್ಟು ಕುಗ್ಗುವುದಿಲ್ಲ. ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಎಂದು ನೀವು ಬಾಯಿಪಾಠ ಮಾಡಿಸಬೇಕಿಲ್ಲ. ಆ ತೇವ ಹಿಡಿದಿಟ್ಟುಕೊಳ್ಳುವ ಗುಣದಿಂದಲೇ ನಮ್ಮ ಹಿಂಗಾರಿ ಜೋಳ, ಕಡಲೆ ಮಳೆ ನಿಂತ ಮೇಲೂ ಬೆಳೆಯುತ್ತವೆ. ಇದನ್ನು ಮಾತ್ರ ಹೇಳಿ.

ಬಿಸಿಲಿನ ಚಿಂತೆಗೆ ಶನಿವಾರದ ಮುಂಜಾನೆ ಶಾಲೆ ಇದೆ. ಬಿಸಿಲೂ ಪಾಠವೇ ಅನ್ನಿ. ನಮ್ಮಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಮೇನಲ್ಲಿ ಸೂಟಿ. ಆಗಸ್ಟ್‌ನಲ್ಲಿ ಮೋಡ ಸರಿದರೆ ಮಧ್ಯಾಹ್ನ 12.30ರ ಸುಮಾರಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ನೆರಳು ಕೋಲಿನ ಬುಡದಲ್ಲೇ ಅಡಗಿಬಿಡುತ್ತದೆ.

ಇನ್ನು ಪಾಲಕರ ಮಾತು. ಅವರಿಗೆ ಸಿಟ್ಟಾಗಬೇಡಿ. ಮಕ್ಕಳು ಓದಲಿ ಅಂತಲೇ ದುಡಿಯುವ ಜನ ಅವರು. ಹೊರಗೆ ಹೋಗುವಾಗಲೆಲ್ಲ ಒಂದೇ ಪ್ರಶ್ನೆ ಹಿಡಿದು ಹೋಗಿ, ಉತ್ತರವನ್ನು ಮಕ್ಕಳು ಅಂದೇ ಪಾಟಿಯಲ್ಲೋ ನೋಟ್‌ಬುಕ್‌ನಲ್ಲೋ ಬರೆಯಲಿ. ಪ್ರಶ್ನೆ ಇಲ್ಲದೆ ಹೋದರೆ ಅವರು ಹೇಳಿದ್ದೇ ನಿಜವಾಗುತ್ತದೆ. ಮುಂದಿನ ಸಲ ಹೊಲದ ಯಜಮಾನರನ್ನೇ ಕರೆದು, "ಯಾವ ಹದಕ್ಕೆ ಬಿತ್ತತೀರಿ?" ಅಂತ ಮಕ್ಕಳಿಂದಲೇ ಕೇಳಿಸಿ. ಒಬ್ಬ ರೈತ ತನ್ನ ಕಸುಬನ್ನು ಶಾಲೆ ಮಕ್ಕಳಿಗೆ ಹೇಳಿಕೊಟ್ಟ ಮೇಲೆ, ಊರಲ್ಲಿ ನಿಮ್ಮ ಪರವಾಗಿ ಮಾತಾಡುವವರು ಅವರೇ ಆಗುತ್ತಾರೆ.